ಕ್ಯಾತಮ್ಮ ಒಪ್ಪಬೇಕಾದ ದೋಣಿ

ಶಿರಾದ ಗುಲಾಮ್ ಮೊಹಿದ್ದೀನ್ ಸಾಬರು ತಮ್ಮ ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಒಂದೇ ಒಂದು ದೋಣಿಯ ಕೆಲಸ ಹಿಡಿದರು. ಅದನ್ನೂ ಎರಡು ಸಲ ಮಾಡಬೇಕಾಯಿತು. ಹೊಳೆಯನ್ನು ಅವರು ಬಸ್ಸಿನ ಕಿಟಕಿಯಿಂದ ಕಂಡಿದ್ದರೇ ಹೊರತು ಅದರಲ್ಲಿ ಕಾಲಿಟ್ಟವರಲ್ಲ.

ಅವರು ಎತ್ತಿನ ಗಾಡಿಯ ಬಡಗಿ. ಮಧುಗಿರಿ, ಕೊರಟಗೆರೆ ಕಡೆಯಿಂದೆಲ್ಲ ಜನ ಚಕ್ರ ಕಟ್ಟಿಸಲು ಅವರ ಅಂಗಡಿ ಮುಂದೆ ಕಾಯುತ್ತಿದ್ದ ಕಾಲವೊಂದಿತ್ತು. ಟ್ರ್ಯಾಕ್ಟರ್ ಬಂತು, ಗೂಡ್ಸ್ ಆಟೋ ಬಂತು, ಗಾಡಿ ಹೋಯಿತು. ಬಾಗಿಲು ಮಾಡಿದರು. ರೆಡಿಮೇಡ್ ಬಾಗಿಲು ಬಂದು ಅದೂ ಹೋಯಿತು. ಕೊನೆಗೆ ಉಳಿದದ್ದು ಗುದ್ದಲಿ ಕಾವು, ಕೊಡಲಿ ಕಾವು. ನಮ್ಮ ರೈತ ಸಂಘದ ಬಾವುಟಗಳ ಕೋಲುಗಳೂ ಅವರ ಕೈಯವೇ. ಪೊಲೀಸರು ಮುರಿದಾಗೆಲ್ಲ ಹೊಸದಕ್ಕೆ ಹೋಗುತ್ತಿದ್ದೆವು. ಈಚಿನ ವರ್ಷಗಳಲ್ಲಿ ಮುರಿಯುವಷ್ಟು ಗಲಾಟೆಯೂ ನಮ್ಮಿಂದ ಆಗುತ್ತಿರಲಿಲ್ಲ. ಸುಮ್ಮನೆ ಟೀಗೆ ಹೋಗಿ ಕೂರುತ್ತಿದ್ದೆ.

ಅವರ ಎಡಗಣ್ಣಿಗೆ ಪೊರೆ ಬಂದಿತ್ತು. ಬಲಗೈ ಹೆಬ್ಬೆರಳು ಬೆಳಿಗ್ಗೆ ಹೊತ್ತು ಮಡಚುತ್ತಿರಲಿಲ್ಲ. ಹೆಂಡತಿ ಜಮೀಲಾಳದು ದಿನಾ ಒಂದೇ ಮಾತು: "ಬಾಗಿಲು ಹಾಕಿ ಮನೇಲಿ ಕೂತ್ಕೊಳ್ಳಿ. ಬರೋ ಗಿರಾಕಿಗಿಂತ ಆ ಅಂಗಡೀಲಿ ಇಲಿಗಳು ಜಾಸ್ತಿ." ಮೊಹಿದ್ದೀನರು ಕೇಳಿಸಿಕೊಂಡು ಮಲಗುತ್ತಿದ್ದರು. ಮಾರನೆಯ ದಿನ ಬೆಳಿಗ್ಗೆ ಬೀಗದ ಕೈ ಹಿಡಿದು ಹೊರಡುತ್ತಿದ್ದರು.

ಒಂದು ಶ್ರಾವಣದಲ್ಲಿ ಕ್ಯಾತಮ್ಮ ಬಂದಳು. ತಾವರೆಕೆರೆ ಕಡೆಯ ಕುರಿಗಾಹಿಗಳ ಹಟ್ಟಿಯವಳು, ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆ ಕಾಲಿಗೆ ಇಳಿದು ಕುಂಟುತ್ತಿದ್ದಳು. ಜೊತೆಯಲ್ಲಿ ಅವಳ ಅಣ್ಣನ ಮಗ ಯೋಗೀಶ. ಅವನು ಗೂಡ್ಸ್ ಆಟೋ ಓಡಿಸುತ್ತಾನೆ, ಬೆಳಗಿನಿಂದ ಸಂಜೆವರೆಗೆ ಅವಸರದಲ್ಲೇ ಇರುತ್ತಾನೆ.

"ಸಾಬ್ರೆ, ಒಂದು ದೋಣಿ ಬೇಕಿತ್ತು," ಅಂದಳು ಕ್ಯಾತಮ್ಮ.

ಮೊಹಿದ್ದೀನರು ನನ್ನ ಮುಖ ನೋಡಿದರು. "ಅರೆ ಅಮ್ಮಾ, ಶಿರಾದಾಗೆ ದೋಣಿ ಏನ್ ಮಾಡ್ತೀಯ? ಬೋರ್‌ವೆಲ್ ಒಳಕ್ಕೆ ಬಿಡ್ತೀಯಾ?"

"ನಗಬ್ಯಾಡಿ. ನಮ್ಮಣ್ಣಂಗೆ ಕಲ್ಲು ನಿಲ್ಲಿಸ್ಬೇಕು."

ಕಥೆ ಇಷ್ಟು. ಅವರ ಹಟ್ಟಿಯಲ್ಲಿ ಸತ್ತವರಿಗೆಲ್ಲ ಕಲ್ಲು ನಿಲ್ಲಿಸುತ್ತಾರೆ. ವರ್ಷಕ್ಕೊಂದು ಸಲ ಕಲ್ಲುಗಳ ಮುಂದೆ ಎಡೆ ಇಟ್ಟು ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಕಲ್ಲಿಲ್ಲದವನ ಹೆಸರು ಕೂಗುವಂತಿಲ್ಲ. ಹೆಣ ಸಿಗದೆ ಹೋದವನಿಗೆ ಕಲ್ಲು ನಿಲ್ಲಿಸಬೇಕಾದರೆ, ಅವನನ್ನು ಕೊಂಡೊಯ್ದದ್ದು ಯಾವುದೋ ಅದರ ರೂಪ ಕಲ್ಲಿನ ಬುಡದಲ್ಲಿ ಇರಬೇಕು. ಅದು ಹೊಸದಾಗಿ ಕಾಣಬಾರದು. ಹೊಸದನ್ನು ಸತ್ತವನು ಗುರುತಿಸುವುದಿಲ್ಲ, ಇನ್ಯಾರದೋ ಎಂದು ತಿರುಗಿ ಹೋಗುತ್ತಾನೆ. ಅದಕ್ಕೇ, ಕಣ್ಣಾರೆ ಕಂಡವರೊಬ್ಬರು ಅದನ್ನು ನೋಡಿ "ಇದೇ" ಅನ್ನಬೇಕು.

ಕ್ಯಾತಮ್ಮನ ಅಣ್ಣ ಹುಚ್ಚಣ್ಣ ನಲವತ್ತೆಂಟು ವರ್ಷದ ಹಿಂದೆ ಮುಳುಗಿದ. ಆಗೆಲ್ಲ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಗದ್ದೆ ಬಯಲಿನ ಕಡೆ ಹೋಗಿ, ಮಳೆ ಹಿಡಿದ ಮೇಲೆ ತುಂಗಭದ್ರೆ ದಾಟಿ ಹಿಂದಿರುಗುತ್ತಿದ್ದರು. ಹೊಳೆ ತುಂಬಿತ್ತು. ಮರದ ದೋಣಿಯಲ್ಲಿ ಇಪ್ಪತ್ತೈದು ಕುರಿ, ಐದು ಜನ. ನಡುಹೊಳೆಯಲ್ಲಿ ಕುರಿ ಬೆದರಿ ಒಂದು ಕಡೆಗೆ ನುಗ್ಗಿದವು, ದೋಣಿ ಮಗುಚಿತು. ನಾಲ್ಕು ಜನ ಮೇಲೆ ಬಂದರು. ಇಪ್ಪತ್ತು ವರ್ಷದ ಕ್ಯಾತಮ್ಮ ಒಂದು ಟಗರಿನ ಕೊಂಬು ಹಿಡಿದು ದಡ ಸೇರಿದಳು. ಹುಚ್ಚಣ್ಣ ಸಿಗಲಿಲ್ಲ. ಯೋಗೀಶ ಆಗ ತಾಯಿಯ ಹೊಟ್ಟೆಯಲ್ಲಿದ್ದ. ಹುಚ್ಚಣ್ಣನ ಹೆಂಡತಿ ಬದುಕಿರುವವರೆಗೂ ಗಂಡ ಎಲ್ಲೋ ಇದ್ದಾನೆ ಅಂತ ಹಟ ಹಿಡಿದು ಕಲ್ಲು ನಿಲ್ಲಿಸಲು ಬಿಡಲಿಲ್ಲ. ಮರಣಪತ್ರಕ್ಕೆ ಹೋದರೆ ಕಚೇರಿಯವರು ಹೆಣ ತೋರಿಸಿ ಅಂದರು, ತೋರಿಸಲು ಹೆಣ ಇರಲಿಲ್ಲ. ಹೋದ ವರ್ಷ ಆ ಹೆಂಗಸು ತೀರಿಕೊಂಡಳು. ದೋಣಿ ಹತ್ತಿದವರಲ್ಲಿ ಈಗ ಉಳಿದದ್ದು ಕ್ಯಾತಮ್ಮ ಒಬ್ಬಳೇ.

"ನಾನು ಹೋದ್ರೆ ಅದು ಇದೇ ಅನ್ನೋಕೆ ಇನ್ ಯಾರೂ ಇಲ್ಲ," ಅಂದಳು. "ಕಾರ್ತೀಕದ ಕೊನೇ ಸೋಮವಾರ ಎಡೆ. ಅಷ್ಟೊತ್ತಿಗೆ ಬೇಕು."

ಯೋಗೀಶ ನಡುವೆ ಬಾಯಿ ಹಾಕಿದ. "ಆನ್‌ಲೈನಾಗೆ ಸಿಗ್ತವೆ ಕಣತ್ತೆ, ಮೂರ್ ದಿನಕ್ಕೆ ಮನೆ ಬಾಗ್ಲಿಗೆ ಬರ್ತದೆ."

"ನಿಮ್ಮಪ್ಪ ಆನ್‌ಲೈನಾಗೆ ಮುಳುಗಿದ್ನೇನ್ಲಾ?"

ಮೊಹಿದ್ದೀನರು ಒಪ್ಪಿಕೊಂಡರು. ಈ ಪದ್ಧತಿಯಲ್ಲಿ ನನಗೆ ನಂಬಿಕೆಯಿಲ್ಲ, ಅವರಿಗೂ ಇರಲಿಲ್ಲ. ಆದರೆ ಮೂರು ವರ್ಷದಿಂದ ಯಾರೂ ಅವರ ಹತ್ತಿರ ಬಡಗಿಯ ಕೆಲಸ ಅನ್ನುವಂಥದ್ದನ್ನು ತಂದಿರಲಿಲ್ಲ. ಆ ಸಂಜೆ ಜಮೀಲಾಗೆ ಹೇಳಿದರಂತೆ: "ಇದನ್ನ ಆಕೆ ಒಪ್ಪಲಿಲ್ಲ ಅಂದ್ರೆ ನೀನು ಹೇಳ್ದಂಗೆ ಅಂಗಡಿ ಮುಚ್ತೀನಿ. ಅದಕ್ಕೆ ಮುಂಚೆ ಒಂದು ಮಾತು ಆಡ್ಬೇಡ."

ಎರಡು ಮೊಳ ಉದ್ದದ ದೋಣಿ. ಕ್ಯಾತಮ್ಮ ನೆಲದ ಮೇಲೆ ಕಡ್ಡಿಯಲ್ಲಿ ಗೀರಿ ತೋರಿಸಿದ್ದಳು: ಅಡಿ ಚಪ್ಪಟೆ, ಮೂತಿ ಮೇಲಕ್ಕೆ ಎತ್ತಿದ್ದು, ಪಕ್ಕಕ್ಕೆ ಮೂರು ಮೂರು ಹಲಗೆ. ಅಂಗಡಿಯ ಹಿಂದೆ ಬಿಚ್ಚಿ ಹಾಕಿದ್ದ ಹಳೆಯ ಗಾಡಿಯೊಂದಿತ್ತು. ಅದರ ಹಲಗೆಗಳನ್ನೇ ಸೀಳಿದರು. ಹಳೆಯದಾಗಿ ಕಾಣಬೇಕಾದ ವಸ್ತುವಿಗೆ ಹಳೆಯ ಮರ, ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ ಅಂದುಕೊಂಡರು. ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಿ, ಬಿದಿರಿನ ಮೊಳೆ ಹೊಡೆದು ಕೂಡಿಸಿದರು. ತುಕ್ಕು ಹಿಡಿದ ಮೊಳೆಗಳನ್ನು ಹುಣಸೆ ನೀರಿನಲ್ಲಿ ವಾರ ನೆನೆಸಿ ಆ ಕಪ್ಪು ನೀರು ಬಳಿದರು. ಅಂಗಡಿ ಮಾಡಿನ ಶೀಟಿನ ಮೇಲೆ ಹದಿನೈದು ದಿನ ಬಿಸಿಲಿಗಿಟ್ಟರು. ತಂತಿ ಬ್ರಷ್ಷಿನಲ್ಲಿ ಉಜ್ಜಿ ಎಳೆ ಎಬ್ಬಿಸಿದರು. ಸಂದುಗಳಿಗೆ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಒರೆಸಿ ಕೆಮ್ಮಣ್ಣು ತಿಕ್ಕಿದರು. ಅರವತ್ತು ವರ್ಷ ದುಡಿದು ಸುಸ್ತಾದ ಮರದ ಹಾಗೆ ಕಂಡಿತು. ನನಗೂ ಮೆಚ್ಚುಗೆಯಾಯಿತು.

ಕ್ಯಾತಮ್ಮ ಬಂದು, ಬಗ್ಗಿ ನೋಡಿ, ಹಿಂದಕ್ಕೆ ಸರಿದಳು.

"ಸಾಬ್ರೆ, ಇದು ಗಾಡಿ."

"ಏನಂದೆ?"

"ಗಾಡಿ ಕಣ್ ಸಾಬ್ರೆ. ಗಾಡೀನ ದೋಣಿ ಮಾಡಿ ಮಡಗೀರ. ದೋಣಿ ಮ್ಯಾಲೆ ಧೂಳು ಎಲ್ಲಿಂದ ಬರ್ತದೆ? ಮ್ಯಾಲಿಂದ ಕೆಳಕ್ಕೆ ಹಳೇದಾಗೈತೆ ಇದು. ದೋಣಿ ಕೆಳಗಿಂದ ಮ್ಯಾಲಕ್ಕೆ ಹಳೇದಾಯ್ತದೆ."

ಮೊಹಿದ್ದೀನರಿಗೆ ಸಿಟ್ಟು ಬಂತು. "ನಲವತ್ತೆಂಟು ವರ್ಷದ ಹಿಂದೆ ಅರ್ಧ ಗಂಟೆ ಕೂತ್ಕಂಡಿದ್ದೆ. ಅಷ್ಟೆಲ್ಲಾ ಗ್ಯಾನ ಐತಾ ನಿಂಗೆ?"

"ನಂಗೆ ಬ್ಯಾರೆ ಏನಾರ ಗ್ಯಾನದಾಗೈತೆ ಅಂದ್ಕಂಡ್ರಾ?"

ಅವಳು ಹೋದ ಮೇಲೆ ಮೊಹಿದ್ದೀನರು ಆ ದೋಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವಳು ಹೇಳಿದ್ದು ಸರಿಯಿತ್ತು. ಐವತ್ತು ವರ್ಷ ಬಿಸಿಲಿಗೂ ದೂಳಿಗೂ ಸವೆಯುವ ಮರವನ್ನೇ ನೋಡಿದ ಕಣ್ಣು ಅದು. ಮರಕ್ಕೆ ಮುಪ್ಪು ಬರುವ ಇನ್ನೊಂದು ದಾರಿ ಅವರಿಗೆ ಗೊತ್ತಿರಲಿಲ್ಲ. ನಮ್ಮ ಕಡೆಯ ಬಡಗಿಯಲ್ಲದೆ ಬೇರೆ ಯಾವ ಬಡಗಿಯೂ ದೋಣಿಗೆ ಕೀಲೆಣ್ಣೆ ಹಚ್ಚಲಾರ.

ಮಾರನೆಯ ವಾರ ಅವರೇ ಹಟ್ಟಿಗೆ ಹೋದರು. ನನ್ನ ಮೊಪೆಡ್ಡಿನಲ್ಲಿ ಹಿಂದೆ ಕೂತು, ಹಳ್ಳ ಬಂದಾಗೆಲ್ಲ ಬೈಯುತ್ತ. ಕ್ಯಾತಮ್ಮ ಕುರಿ ರೊಪ್ಪದ ಮುಂದೆ ಕೂತಿದ್ದಳು. ಇವರು ಅವಳೆದುರು ಕುಕ್ಕುರುಗಾಲಲ್ಲಿ ಕೂತರು.

"ಹೇಳಮ್ಮಾ. ಯಾವ ಕಡೆ ಹೆಂಗಿತ್ತು, ಎಲ್ಲಾ ಹೇಳು."

ಅವಳು ಕಣ್ಣು ಮುಚ್ಚಿ ಹೇಳಿದಳು. ನೀರು ಮುಟ್ಟುವವರೆಗೆ ಕಪ್ಪು. ಅದರ ಮೇಲೆ ನಾಲ್ಕು ಬೆರಳು ಪಾಚಿಯ ಗೆರೆ. ಮೇಲಿನ ಹಲಗೆ ಬೂದಿ ಬಣ್ಣ. ದೋಣಿ ನೂಕಲು ಗಳ ಹಾಕುವವನು ಹಿಂದೆ ಬಲಗಡೆ ನಿಲ್ಲುತ್ತಿದ್ದ, ಅಲ್ಲಿ ಗಳ ಉಜ್ಜಿ ಉಜ್ಜಿ ಅಂಚು ಹಳ್ಳ ಬಿದ್ದಿತ್ತು. ಮೂತಿಯಲ್ಲಿ ಹಗ್ಗ ತಿಂದ ಗುರುತು. ಮೊಹಿದ್ದೀನರು ಬೀಡಿ ಕಟ್ಟಿನ ಕಾಗದದ ಹಿಂದೆ ಗೀಚಿಕೊಂಡರು. ಎದ್ದು ನಿಲ್ಲಲು ಅವರಿಗೆ ನನ್ನ ಹೆಗಲು ಬೇಕಾಯಿತು.

ಈ ಸಲ ಸಾಮಿಲ್‌ನಿಂದ ಮತ್ತಿಯ ಹಲಗೆ ತಂದರು. ಮತ್ತಿ ಗಟ್ಟಿ ಮರ, ಮುದುಕರ ಕೈಗೆ ಆಗಿಬರುವಂಥದ್ದಲ್ಲ. ಬೆಳಿಗ್ಗೆ ಹೆಬ್ಬೆರಳಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಹತ್ತು ಗಂಟೆಗೆ ಉಳಿ ಹಿಡಿಯುತ್ತಿದ್ದರು. ಗೆರೆ ಸರಿಯಾಗಿ ಕಾಣದೆ ಎರಡು ಹಲಗೆ ಹಾಳಾದವು. ಬೈಯಲು ಯಾರೂ ಇಲ್ಲದ್ದರಿಂದ ಹಲಗೆಗಳನ್ನೇ ಬೈದರು. ಸಂದುಗಳಿಗೆ ರಾಳದೆಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿದರು. ಅಂಚಿನ ಹಳ್ಳಕ್ಕೆ ಅರ ಹಾಕಲಿಲ್ಲ. ಅರ ಹಾಕಿದರೆ ಚಪ್ಪಟೆಯಾಗುತ್ತದೆ, ಬಿದಿರು ಉಜ್ಜಿದರೆ ದುಂಡಗಾಗುತ್ತದೆ ಎಂದು ಬಿದಿರಿನ ಕಡ್ಡಿ ಹಿಡಿದು ಒಂಬತ್ತು ದಿನ ಉಜ್ಜಿದರು. ನಾನು ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದೆ. ಆ ಕೊಯ್ ಕೊಯ್ ಶಬ್ದಕ್ಕೆ ಒಂದು ಸುದ್ದಿಯೂ ತಲೆಗೆ ಹೋಗುತ್ತಿರಲಿಲ್ಲ.

ಪಾಚಿಗೆ ಮಾತ್ರ ಯಾವ ಬಣ್ಣವೂ ಒಗ್ಗಲಿಲ್ಲ. ಆ ವರ್ಷ ಮಳೆಯಾಗಿ ಕೆರೆಯಲ್ಲಿ ನೀರಿತ್ತು. ದೋಣಿಯೊಳಗೆ ಕಲ್ಲಿಟ್ಟು, ಬೇಕಾದಷ್ಟೇ ಮುಳುಗುವಂತೆ ಮಾಡಿ, ಏರಿಯ ಕೆಳಗೆ ಗೂಟಕ್ಕೆ ಕಟ್ಟಿದರು. ಮಳೆ ಬಂದು ನೀರು ಏರಿದರೆ ಗೆರೆ ತಪ್ಪುತ್ತಿರಲಿಲ್ಲ, ದೋಣಿಯೂ ನೀರಿನ ಜೊತೆ ಏರುತ್ತಿತ್ತು. ಆದರೆ ಒಳಗೆ ಮಳೆನೀರು ನಿಂತರೆ ಮುಳುಗುತ್ತಿತ್ತು. ಅದಕ್ಕೆ ದಿನಾ ಹೋಗಿ ಬಗ್ಗಿ ಚೊಂಬಿನಲ್ಲಿ ನೀರು ಹೊರಚೆಲ್ಲಬೇಕು. ನಲವತ್ತು ದಿನ ಹೋದರು.

ಮೀನು ಹಿಡಿಯುವವರು ಗೇಲಿ ಮಾಡಿದರು. "ಏನ್ ಸಾಬ್ರೆ, ಹಜ್‌ಗೆ ಇದ್ರಾಗೇ ಹೋಯ್ತೀರಾ?"

"ಹೂಂ ಕಣ್ಲಾ, ಒಂದು ಸೀಟ್ ಐತೆ, ಬಾ."

ಜಮೀಲಾ ಮಾತ್ರ ನಗಲಿಲ್ಲ. ದಿನಾ ಒದ್ದೆಯಾಗುವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಸತ್ತವನಿಗೆ ಕಲ್ಲು ನಿಲ್ಸೋಕೆ ಬದುಕಿರೋನು ಸಾಯ್ಬೇಕಾ?" ಅಂದಳು.

ನಲವತ್ತನೆಯ ದಿನ ಎತ್ತಿದಾಗ ಕೆಳಗೆ ಕಪ್ಪಾಗಿತ್ತು, ಪಾಚಿ ಹಿಡಿದಿತ್ತು. ಅಡಿಯ ಒಂದು ಹಲಗೆ ಉಬ್ಬಿ ಸಂದು ಬಿಟ್ಟಿತ್ತು. ಎಡೆಗೆ ಇನ್ನು ಐದು ದಿನ. ಬಿಚ್ಚಿದರೆ ಪಾಚಿ ಕೆಡುತ್ತದೆ. ಮೊಹಿದ್ದೀನರು ಅದನ್ನು ಹಾಗೇ ಬಿಟ್ಟರು. ಆಗಲೇ ಅವರ ಮುಖದಲ್ಲಿ ಭರವಸೆ ಉಳಿದಿರಲಿಲ್ಲ. ನೋಡಿದರೆ ಒಪ್ಪಿಗೆಗೆ ಹೊರಟವರ ಹಾಗಲ್ಲ, ಕೋರ್ಟಿಗೆ ವಾಯಿದೆ ಕೇಳಲು ಹೊರಟವರ ಹಾಗೆ ಕಾಣುತ್ತಿದ್ದರು.

ಸೋಮವಾರ ಬೆಳಿಗ್ಗೆ ಯೋಗೀಶನ ಆಟೋದಲ್ಲಿ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಒಯ್ದೆವು. ಹಟ್ಟಿಯ ಆಚೆ ತಂಗಡಿ ಗಿಡಗಳ ನಡುವೆ ಕಲ್ಲುಗಳ ಸಾಲು. ಕೊನೆಯಲ್ಲಿ ಹೊಸ ಕಲ್ಲು ಗುಂಡಿಯ ಪಕ್ಕ ಮಲಗಿತ್ತು. ನಲವತ್ತು ಐವತ್ತು ಜನ ಸೇರಿದ್ದರು. ಕ್ಯಾತಮ್ಮ ನೆಲದ ಮೇಲೆ ಕೂತಿದ್ದಳು. ಮೊಹಿದ್ದೀನರು ದೋಣಿಯನ್ನು ಅವಳ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ನಿಂತರು.

ಅವಳು ಪಾಚಿಯ ಗೆರೆ ಸವರಿದಳು. ಗಳ ತಿಂದ ಅಂಚಿನಲ್ಲಿ ಹೆಬ್ಬೆರಳು ಇಟ್ಟಳು, ಕೂತಿತು. ಉಬ್ಬಿದ ಹಲಗೆ ಮುಟ್ಟಿ, "ನೀರು ಒಳಕ್ಕೆ ಬರ್ತಿತ್ತು, ಹೌದು," ಅಂದಳು. ಆಮೇಲೆ ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಕುರಿ ಎಲ್ಲಿ ನಿಂತಿದ್ವು ಸಾಬ್ರೆ?"

ಮೊಹಿದ್ದೀನರು ಬಗ್ಗಿ ನೋಡಿದರು. ಒಳಗಿನ ನೆಲದಲ್ಲಿ ಒಂದು ಗೀರೂ ಇರಲಿಲ್ಲ. ಅದನ್ನು ಅವಳು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ವರ್ಷಗಟ್ಟಲೆ ಕುರಿಗಳ ಗೊರಸು ತುಳಿದ ಹಲಗೆಯಾಗಿರಬೇಕಿತ್ತು ಅದು.

"ಅತ್ತೆ, ಸಾಕು ಬುಡತ್ತೆ. ಜನ ಉಪಾಸ ಕುಂತವ್ರೆ," ಅಂದ ಯೋಗೀಶ.

"ಸುಮ್ಕಿರ್ಲಾ." ಅವಳು ಮೊಹಿದ್ದೀನರ ಕಡೆ ಕೈ ಚಾಚಿದಳು. "ಚೂಪಂದು ಏನಾರ ಕೊಡಿ."

ಅವರು ತಮ್ಮ ಉಳಿಯನ್ನು ಯಾರ ಕೈಗೂ ಕೊಟ್ಟವರಲ್ಲ. ಸ್ವಂತ ಮಗ ಕಲೀಮುಲ್ಲಾ ಮುಟ್ಟಿದರೂ ಕಿತ್ತುಕೊಳ್ಳುತ್ತಿದ್ದರು. ಈಗ ಚೀಲದಿಂದ ಸಣ್ಣ ಉಳಿ ತೆಗೆದು ಹಿಡಿಯ ಕಡೆಯಿಂದ ಕೊಟ್ಟರು.

ಕ್ಯಾತಮ್ಮ ದೋಣಿಯನ್ನು ತೊಡೆಯ ಮೇಲೆ ಎಳೆದುಕೊಂಡು ಗೀರತೊಡಗಿದಳು. ಎರಡೆರಡು ಸಣ್ಣ ಗೀರು, ಪಕ್ಕಪಕ್ಕ. ಮೊದಲು ಎಲ್ಲ ಕಡೆ ಚದುರಿದಂತೆ. ಆಮೇಲೆ ಎಡಗಡೆಗೆ, ಒಂದರ ಮೇಲೊಂದು, ಆಳವಾಗಿ. ಮರದ ಚೂರು ಅವಳ ಸೀರೆಯ ಮೇಲೆ ಉದುರಿತು. ಎಡಗಡೆಯ ಮೂಲೆಯಲ್ಲಿ ಉಳಿ ಜಾರಿ ಬೆರಳು ಕೊಯ್ದಿತು, ನಿಲ್ಲಿಸಲಿಲ್ಲ.

"ಎಲ್ಲಾ ಇಲ್ಲಿಗೆ ಬಂದ್ವು," ಅಂದಳು. "ಅಣ್ಣ ಇಲ್ಲಿ ನಿಂತಿದ್ದ."

ಅವಳು ಉಳಿಯನ್ನು ಸೆರಗಿನಲ್ಲಿ ಒರೆಸಿ ಹಿಂದಕ್ಕೆ ಕೊಟ್ಟಳು.

"ಇದೇ. ಇಡ್ರಪ್ಪ."

ಕಲ್ಲು ನಿಂತಿತು. ದೋಣಿಯನ್ನು ಅದರ ಬುಡದಲ್ಲಿಟ್ಟರು. ಯೋಗೀಶ ಮುಂದೆ ಬಂದು ಅಪ್ಪನ ಹೆಸರು ಕೂಗಬೇಕಿತ್ತು. ನಲವತ್ತೇಳು ವರ್ಷದ ಗಂಡಸು, ಇಷ್ಟು ಹೊತ್ತು ಅವಸರ ಮಾಡಿದವನು, ಬಾಯಿ ತೆರೆದು ನಿಂತುಬಿಟ್ಟ. "ಕೂಗ್ಲಾ," ಅಂದಳು ಕ್ಯಾತಮ್ಮ. ಮೂರನೆಯ ಸಲಕ್ಕೆ ಧ್ವನಿ ಬಂತು.

ಊಟಕ್ಕೆ ನಮ್ಮನ್ನೂ ಕೂರಿಸಿದರು. ಮುದ್ದೆ ತಿನ್ನುತ್ತ ನಾನು, "ಒಪ್ಪಿದಳಲ್ಲ, ಇನ್ನೇನು?" ಅಂದೆ.

"ಒಪ್ಪಿದ್ಲು," ಅಂದರು ಮೊಹಿದ್ದೀನರು. "ಹೊರಗಡೆ ನಂದು. ಒಳಗಡೆ ಆಕೇದು." ಅದರಲ್ಲಿ ಬೇಸರವಿತ್ತೋ ಇಲ್ಲವೋ ಹೇಳಲಾರೆ. ಸಾರು ಇನ್ನೊಂದು ಸೌಟು ಹಾಕಿಸಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಜಮೀಲಾಗೆ ಫೋನ್ ಮಾಡಿದರು. ಒಪ್ಪಿದ್ದನ್ನು ಹೇಳಿದರು. ಅವಳು ಏನು ಕೇಳಿದಳೋ, ಇವರು ಉರ್ದುವಿನಲ್ಲಿ ಉತ್ತರ ಕೊಟ್ಟರು. ಶುಕ್ರವಾರ ನಮಾಜ್ ಮುಗಿಸಿ ಅಂಗಡಿ ಖಾಲಿ ಮಾಡುತ್ತೇನೆ, ಕಲೀಮುಲ್ಲಾನಿಗೆ ಸಾಮಾನು ಸಾಗಿಸಲು ಒಂದು ಗಾಡಿ ತರಲು ಹೇಳು ಅಂತ. ನನಗೆ ತಡೆಯಲಾಗಲಿಲ್ಲ.

"ಒಪ್ಪದಿದ್ರೆ ತಾನೇ ಮುಚ್ತೀನಿ ಅಂದಿದ್ದು?"

"ಹೌದು. ಆಕೆ ಒಪ್ಪಲಿಲ್ಲ ಅಂದಿದ್ರೆ ಸಿಟ್ಟಿಗಾದ್ರೂ ಇನ್ನೊಂದು ಮಾಡ್ತಿದ್ದೆ," ಅಂದರು. "ಈಗ ಮತ್ತೆ ಹೋಗಿ ಕೊಡಲಿ ಕಾವು ಕೀಸ್ಲಾ?"

ಶುಕ್ರವಾರ ನಾನೂ ಹೋಗಿದ್ದೆ. ಸಾಮಾನು ಏರಿಸುವುದು ಅರ್ಧ ಗಂಟೆಗೆ ಮುಗಿಯಿತು.