ಅಯ್ಯನವರ ಗಂಗಾಳಕ್ಕೆ ಏನು ಬಡಿಸಬೇಕು

ಗುಂಡಗುರ್ತಿಯ ಮಡಿವಾಳಯ್ಯನವರಿಗೆ ಸ್ವಂತ ಮನೆಯ ಊಟವೇ ಅಪರೂಪ. ಜಂಗಮರ ಮನೆತನ. ಮದುವೆ, ತೊಟ್ಟಿಲು, ಹೊಸ ಮನೆ, ಸತ್ತವರ ಕಾರ್ಯ, ಏನಿದ್ದರೂ ಸುತ್ತಿನ ಹಳ್ಳಿಗಳಿಂದ ಕರೆ ಬರುತ್ತಿತ್ತು. ಪೂಜೆ ಮುಗಿದು ಅಯ್ಯನವರು ಉಂಡೆದ್ದ ಮೇಲೆಯೇ ಮನೆಯವರ ಊಟ. ಹೋಳಿಗೆ, ಅದು ಮುಳುಗುವಷ್ಟು ತುಪ್ಪ, ಗೋಧಿ ಹುಗ್ಗಿ, ಕರಿದ ಕಡುಬು. ಸಾಕೆಂದರೆ ಹೆಂಗಸರು ಪೇಚಾಡುತ್ತಿದ್ದರು: “ಅಯ್ನೋರು ಹೋಳಿಗಿ ಬಿಟ್ರಂದ್ರ ನಮ್ ಮನ್ಯಾಗ ಏನ್ ಕಮ್ಮಿ ಬಿತ್ತೋ ಏನೋ!” ಹೀಗಾಗಿ ಸಾಕು ಎನ್ನುವ ಮಾತನ್ನೇ ಅವರು ಬಿಟ್ಟಿದ್ದರು.

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಅವರ ಕಣ್ಣು ಹಳದಿಯಾದವು, ಪಾದ ಬಾತವು. ವಯಸ್ಸು ಐವತ್ತರ ಆಚೀಚೆ. ಹಿಂದೊಮ್ಮೆ ಕಾಮಾಲೆ ಬಂದು ಹೋಗಿತ್ತು, ಆ ಕಾಮಣಿಯೇ ತಿರುಗಿ ಬಂತೆಂದು ಊರವರು ತೀರ್ಮಾನಿಸಿದರು. ಕಾಮಣಿಗೆ ಕಬ್ಬಿನ ಹಾಲೇ ಮದ್ದು ಎಂದು ಚಿತ್ತಾಪುರಕ್ಕೆ ಹೋಗಿಬರುವವರೆಲ್ಲ ಬಸ್‌ಸ್ಟ್ಯಾಂಡಿನ ಗಾಣದಿಂದ ಬಾಟಲಿ ತುಂಬಿಸಿ ತಂದು ಕೊಟ್ಟರು. ಅವರೂ ಪ್ರೀತಿಯಿಂದ ಕುಡಿದರು. ಬಾವು ಇಳಿಯಲಿಲ್ಲ. ಕೊನೆಗೆ ಹೆಂಡತಿ ರತ್ನಾಬಾಯಿ ಹಟ ಹಿಡಿದು ಶಹಾಬಾದಿನ ಡಾಕ್ಟರರ ಬಳಿಗೆ ಕರೆದೊಯ್ದಳು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ ಕೇಳಿದ ಮೊದಲ ಪ್ರಶ್ನೆ, “ದಾರೂ ಕುಡೀತೀರೇನ್ರಿ?”

ರತ್ನಾಬಾಯಿಗೆ ಮೈಯೆಲ್ಲ ಉರಿಯಿತು. “ಕೊಳ್ಳಾಗ ಲಿಂಗ ಕಾಣಸ್ಲಿಕತ್ತಿಲ್ಲೇನ್ರಿ ನಿಮಗ?”

“ಸಿಟ್ಟಾಗಬ್ಯಾಡ್ರಿ ತಾಯಿ, ಕುಡೀದವರಿಗೂ ಬರ್ತದ,” ಎಂದರು ಡಾಕ್ಟರು. ರಕ್ತ, ಮೂತ್ರ ಪರೀಕ್ಷೆಯಾದ ಮೇಲೆ ಬಿಡಿಸಿ ಹೇಳಿದರು. “ಹಳೀ ಕಾಮಣಿ ಒಳಗೇ ಉಳದು ಲಿವರ್ ಬಿರುಸಾಗ್ಯಾದ. ಇನ್ನೊಂದು, ಸಕ್ಕರಿ ರೋಗ ಇನ್ನಾ ಮನಿಯೊಳಗ ಬಂದಿಲ್ಲ, ಹೊಸ್ತಿಲ ಮ್ಯಾಲ ನಿಂತದ. ಕಬ್ಬಿನ ಹಾಲು ಕುಡ್ದು ನೀವೇ ಅದಕ್ಕ ಬಾ ಬಾ ಅನ್ಲಿಕತ್ತೀರಿ. ಸಿಹಿ, ಕರದದ್ದು, ಉಪ್ಪಿನಕಾಯಿ ಇವತ್ತಿಂದ ಬಂದ್.”

ಏನು ತಿನ್ನಬಾರದೆಂಬುದು ಅಯ್ಯನವರಿಗೆ ತಿಳಿಯಿತು. ಏನು ತಿನ್ನಬೇಕೆಂದು ಅವರು ಕೇಳಲಿಲ್ಲ. ತಿನ್ನದಿರುವುದು ಅವರಿಗೆ ಗೊತ್ತಿದ್ದ ವಿದ್ಯೆ. ಸೋಮವಾರ, ಶಿವರಾತ್ರಿ, ಶ್ರಾವಣ ಎಂದು ಉಪವಾಸ ರೂಢಿಯಾಗಿತ್ತು. ಇದನ್ನೂ ಒಂದು ವ್ರತವೆಂದುಕೊಂಡು ಹೊತ್ತಿಗೊಂದು ಬಟ್ಟಲು ಗಂಜಿಗೆ ಇಳಿದರು. ಬೇಳೆ ಜಡವೆಂದು ಬಿಟ್ಟರು, ಮಜ್ಜಿಗೆ ಶೀತವೆಂದು ಬಿಟ್ಟರು. ತೋಳು ಬತ್ತಿ ಬಡಿಗೆಯಾದವು. ಹೊಟ್ಟೆ ಮಾತ್ರ ಉಬ್ಬಿ ಮುಂದಿತ್ತು.

ಆಷಾಢದ ಹೊತ್ತಿಗೆ ಚಿಮ್ಮನಚೋಡದ ಬಸವಂತರಾಯರ ಮನೆಯಲ್ಲಿ ಪೂಜೆ. ನೂರೆಕರೆಯ ಒಕ್ಕಲುತನ, ದೊಡ್ಡ ಮನೆ. ಗಂಗಾಳಕ್ಕೆ ಹೋಳಿಗೆ ಬಿದ್ದೊಡನೆ ಅಯ್ಯನವರು ಕೈ ಅಡ್ಡ ಹಿಡಿದರು. ಬಸವಂತರಾಯರ ಮುಖ ಕೆಂಪೇರಿತು. “ಯಾಕ್ರಿ ಅಪ್ಪಾರ, ನಮ್ ಮನಿ ಅನ್ನ ನಿಮಗ ಸೇರವಲ್ದೇನು?” ಉತ್ತರ ಕೊಡಲೆಂದು ಎದ್ದ ಅಯ್ಯನವರು ಅಲ್ಲೇ ಕಂಬ ಹಿಡಿದು ಕುಸಿದರು.

ಬಸವಂತರಾಯರೇ ಜೀಪಿನಲ್ಲಿ ಹಾಕಿಕೊಂಡು ಶಹಾಬಾದಿಗೆ ಒಯ್ದರು. ಡಾಕ್ಟರು ಅಯ್ಯನವರ ತೋಳು ಎತ್ತಿ ತೋರಿಸಿದರು. “ನೋಡ್ರಿ ಇಲ್ಲಿ. ಹೊಟ್ಟಿಗಿ ಅನ್ನ ಸಿಗಲಿಲ್ಲಂದ್ರ ಮೈ ತನ್ನ ಮಾಂಸಾನೇ ತಿಂತದ. ಈ ರೋಗಕ್ಕ ಉಪವಾಸ ವೈರಿ. ಸ್ವಲ್ಪ ಸ್ವಲ್ಪ, ಮ್ಯಾಲಿಂದ ಮ್ಯಾಲ ಉಣ್ರಿ. ಎರಡು ಜ್ವಾಳದ ರೊಟ್ಟಿ, ತಪ್ಪದಾಂಗ ಬ್ಯಾಳಿ, ಮೊಳಕಿ ಕಾಳು, ತೊಪ್ಪಲ ಪಲ್ಯ, ಮಜ್ಜಿಗಿ. ಉಪ್ಪು ಕಮ್ಮಿ. ಮಲಗೂದಕ್ಕ ಮೊದ್ಲು ಏನಾರ ಒಂದೀಟು ಹೊಟ್ಟಿಗಿ ಬೀಳಬೇಕು.” ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಬಸವಂತರಾಯರೇ ಅವರನ್ನು ಮನೆತನಕ ಬಿಟ್ಟುಬಂದರು.

ಹೋಳಿಗೆ ಬಿಟ್ಟದ್ದಕ್ಕಿಂತ ಸೋಮವಾರ ಬಿಡುವುದು ಅಯ್ಯನವರಿಗೆ ಕಠಿಣವಾಯಿತು. ಮೊದಲ ಸೋಮವಾರ ರೊಟ್ಟಿ ಮುಂದಿಟ್ಟುಕೊಂಡು ಭಾಳ ಹೊತ್ತು ಕುಳಿತರು.

“ಸಿವ ಉಪಾಸ ಬೇಡ್ಯಾನಂತ ಯಾರ್ ಹೇಳ್ಯಾರ? ಉಣ್ರಿ,” ಎಂದಳು ರತ್ನಾಬಾಯಿ.

“ಊರ ಮಂದಿಗೆಲ್ಲ ನಾನೇ ಹೇಳೀನಲ್ಲ,” ಎಂದು ಅವರು ತುತ್ತು ಮುರಿದರು.

ಆಮೇಲೆ ಕರೆ ಬಂದ ಕಡೆಗೆಲ್ಲ ಮುಂಚೆಯೇ ಹೇಳಿ ಕಳಿಸತೊಡಗಿದರು: ಹೋಳಿಗೆ ಬೇಡ, ರೊಟ್ಟಿ ಬೇಳೆ ಸಾಕು. ಕೆಲವರಿಗೆ ಇದು ರುಚಿಸಲಿಲ್ಲ. ಹಬ್ಬದ ಅಡಿಗೆ ಮುಟ್ಟದ ಅಯ್ಯನವರಿಂದ ಏನು ಶುಭ ಎಂದು ಬೇರೆಯವರನ್ನು ಕರೆಸಿದರು. ಕರೆಗಳು ಕಡಿಮೆಯಾದವು. ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಸುಮ್ಮನೆ ಕೂರುವ ದಿನಗಳು ಹೆಚ್ಚಾದವು. ಆ ನೋವು ರೋಗದ ನೋವಿಗಿಂತ ದೊಡ್ಡದಾಗಿತ್ತು.

ಹೀಗಿರುವಾಗ ಕುರಿ ಕಾಯುವ ಮನೆಯ ಮಾಳಮ್ಮ ಬಂದು ದೂರ ನಿಂತಳು. ಮಗಳ ಕೂಸಿಗೆ ಹೆಸರಿಡಬೇಕಿತ್ತು. “ಇಷ್ಟ್ ವರ್ಸ ನಿಮ್ಮನ್ನ ಕರೀಬೇಕಂತ ಮನಸ ಇತ್ರಿ. ತುಪ್ಪ ಹೋಳಿಗಿ ಎಲ್ಲಿಂದ ತರ್ಲಿ? ಈಗ ನೀವು ರೊಟ್ಟಿ ಉಣ್ತೀರಂತ ಕೇಳ್ದೆ. ಬರ್ತೀರೇನ್ರಿ?”

ಅಯ್ಯನವರು ಹೋದರು. ಮಾಳಮ್ಮ ಉಪ್ಪು ಹಾಕುವ ಮೊದಲೇ ಅವರ ಪಾಲಿನ ಪುಂಡಿಪಲ್ಯವನ್ನು ಬೇರೆ ತೆಗೆದಿಟ್ಟಿದ್ದಳು. ಬಿಸಿ ರೊಟ್ಟಿ, ಹೆಸರುಕಾಳು, ನೀರು ಮಜ್ಜಿಗೆ. ಅವರು ನೆಮ್ಮದಿಯಿಂದ ಉಂಡು, ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಬಂದರು. ಮರುವಾರ ಅದೇ ಓಣಿಯಿಂದ ಇನ್ನೊಂದು ಕರೆ ಬಂತು, ಆಮೇಲೆ ಮತ್ತೊಂದು. ಅಲ್ಲಿಯತನಕ ಆ ಓಣಿಯ ಎಷ್ಟು ಮನೆಗಳನ್ನು ತಾವು ಕಂಡೇ ಇರಲಿಲ್ಲವೆಂದು ಅವರಿಗೆ ಆಗ ಹೊಳೆಯಿತು.

ಸಂಕ್ರಾಂತಿಯ ಹೊತ್ತಿಗೆ ಪಾದದ ಬಾವು ಇಳಿದಿತ್ತು, ತೋಳಿಗೆ ಒಂದಿಷ್ಟು ಕಸುವು ಬಂದಿತ್ತು. ಲಿವರ್ ಮೊದಲಿನಂತೆ ಆಗುವುದಿಲ್ಲ, ಆದರೆ ಹೀಗೇ ಉಂಡರೆ ಕೆಡುವುದೂ ನಿಧಾನ ಎಂದರು ಡಾಕ್ಟರು. ಸಕ್ಕರೆ ಇನ್ನೂ ಒಳಗೆ ಬಂದಿರಲಿಲ್ಲ.

ಮರುವರ್ಷ ಬಸವಂತರಾಯರ ಮಗಳ ಮದುವೆ. ಕರೆಯಲು ಅವರೇ ಬಂದರು. ಪಂಕ್ತಿಯಲ್ಲಿ ಎಲ್ಲರಿಗೂ ಹೋಳಿಗೆ ಬೀಳುತ್ತಿರುವಾಗ ರಾಯರು ತಾವೇ ಒಂದು ಬುಟ್ಟಿ ಹಿಡಿದು ಬಂದು ಅಯ್ಯನವರ ಗಂಗಾಳಕ್ಕೆ ಎರಡು ರೊಟ್ಟಿ ಹಾಕಿದರು. ಪಕ್ಕದಲ್ಲಿ ಕುಳಿತಿದ್ದ ಬೀಗರೊಬ್ಬರು, “ನನಗೂ ಒಂದು ಹಾಕ್ರಿ, ಎರಡು ದಿನದಿಂದ ಸಿಹಿ ತಿಂದು ಸಾಕಾಗ್ಯಾದ,” ಎಂದು ಕೈ ಚಾಚಿದರು.