ಕ್ಲಾಸಿನೊಳಗೊಂದು ನೀರಿನ ಆಫೀಸು

ಮೊಮ್ಮಗಳು ಸಂಜೆ ಬಾಯಿಪಾಠ ಹೇಳುವುದನ್ನು ನಿಲ್ಲಿಸಿದಾಗಲೇ ನನಗೆ ಅನುಮಾನ ಬಂತು. ಮಗ, ಸೊಸೆ ಇಬ್ಬರೂ ನಾಯಂಡಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವಳನ್ನು ಓದಿಸುವುದು ನನ್ನ ಪಾಲಿನ ಕೆಲಸ. ನನಗೋ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುವಷ್ಟೇ ಬರುವುದು. ಹಾಗಾಗಿ ಕಿವಿಯಲ್ಲೇ ಓದಿಸುತ್ತಿದ್ದೆ. ಅವಳು ಗಟ್ಟಿಯಾಗಿ ಹೇಳಬೇಕು, ತಡವರಿಸಿದರೆ ಮತ್ತೆ ಮೊದಲಿನಿಂದ.

ಐದನೇ ಕ್ಲಾಸಿನ ಅರ್ಧ ವರ್ಷದ ಪರೀಕ್ಷೆಯಲ್ಲಿ ಸಮಾಜ ಪಾಠದಲ್ಲಿ ಫೇಲಾದಳು. ಕೊನೆಯ ಪರೀಕ್ಷೆಯೂ ಹೋದರೆ ಮತ್ತೆ ಐದರಲ್ಲೇ ಕೂರಿಸುತ್ತೇವೆ ಎಂದರು ಸ್ಕೂಲಿನವರು. ಆಗಲೇ ಬಂದಳು ಹೊಸ ಮಿಸ್ಸು.

"ಪಾಠ ಒಪ್ಪಿಸೇ," ಎಂದೆ ಒಂದು ಸಂಜೆ.

"ಬಾಯಿಪಾಠ ಬೇಡ ಅಂದ್ರು ಮಿಸ್ಸು. ಇವತ್ತು ನೀರಿನ ಆಫೀಸ್ ಆಟ ಆಡಿದ್ವಿ ಅಜ್ಜಿ."

"ಆಡಕ್ಕೆ ಬೀದಿ ಇಲ್ವೇನೇ? ಅದಕ್ಕೂ ಫೀಸ್ ಕಟ್ಬೇಕಾ?"

ಮಿಸ್ಸಿಗೆ ಪಾಠ ಮಾಡಲು ಸೋಮಾರಿತನ, ಅದಕ್ಕೊಂದು ಹೆಸರು ಎಂದುಕೊಂಡೆ. ಮಾರನೇ ದಿನ ಹೇಳದೆ ಕೇಳದೆ ಹೋಗಿ ಕ್ಲಾಸಿನ ಬಾಗಿಲಲ್ಲಿ ನಿಂತೆ. ಬೆಂಚುಗಳು ಗೋಡೆಗೆ ಸರಿದಿದ್ದವು. ಮೊಮ್ಮಗಳು ಮೇಜಿನ ಹಿಂದೆ ಇಂಜಿನಿಯರಾಗಿ ಕೂತಿದ್ದಳು. ಎದುರಿಗೆ ಖಾಲಿ ಬಿಂದಿಗೆ ಹಿಡಿದ ಮಕ್ಕಳು.

"ಕಾವೇರಿ ನೀರು ಬಂದು ವಾರ ಆಯ್ತು ಸಾರ್!"

"ನಾಳೆ ಬನ್ರೀ," ಎಂದಳು ನಮ್ಮವಳು.

"ನಿನ್ನೆನೂ ನಾಳೆ ಅಂದ್ರಿ! ನಿಮ್ ಮೇಲ್ನೋರು ಯಾರು ಹೇಳಿ, ಅವರಿಗೇ ಬರೀತೀವಿ."

ಮಿಸ್ಸು ಮೂಲೆಯಲ್ಲಿ ತೆಪ್ಪಗೆ ಕೂತಿದ್ದಳು. ಅದು ಕಂಡು ಅನುಮಾನ ಇನ್ನೂ ಗಟ್ಟಿಯಾಯಿತು.

"ಪಾಠ ಯಾವಾಗ ಮಾಡ್ತೀರ ಮಿಸ್?"

"ಇದೇ ಪಾಠ ಅಮ್ಮ. ಮೊದ್ಲು ಗಡಗಡ ಒಪ್ಪಿಸ್ತಿದ್ಲಲ್ಲ, ಯಾಕೆ ಫೇಲಾದ್ಲು? ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ರು, ಇವಳು ಸುಮ್ನೆ ಕೂತ್ಬಿಟ್ಲು."

ನುಣ್ಣಗೆ ಮಾತಾಡುವವರನ್ನು ನಾನು ನಂಬುವುದಿಲ್ಲ. ಮಾರನೇ ದಿನದಿಂದ ಬೆಳಿಗ್ಗೆ ತಲೆ ಬಾಚುವಾಗ ಜಡೆ ಹಿಡಿದುಕೊಂಡೇ ಬಾಯಿಪಾಠ ಹೇಳಿಸತೊಡಗಿದೆ. ಕೂದಲು ನನ್ನ ಕೈಯಲ್ಲಿದ್ದುದರಿಂದ ಎದ್ದು ಓಡುವಂತಿರಲಿಲ್ಲ. ಮಿಸ್ಸಿಗೆ ಹೇಳಬೇಡ ಎಂದೂ ಹೆದರಿಸಿದ್ದೆ.

ಸಮಾಜದ ಪರೀಕ್ಷೆಯ ದಿನ ಗೇಟಿನ ಹತ್ತಿರವೇ ಕಾದೆ.

"ನಾನು ಹೇಳ್ಸಿದ್ದು ಬಂದಿತ್ತೇನೇ?"

"ಒಂದೆರಡು ಬಂದಿತ್ತಜ್ಜಿ. ಮಿಕ್ಕಿದ್ದೆಲ್ಲ ನಾವು ಆಡಿದ್ದೇ. ನೀರು ಬರ್ದಿದ್ರೆ ಏನ್ಮಾಡ್ತೀರ ಅಂತಾನೂ ಇತ್ತು, ಪುಟ ತುಂಬಾ ಬರ್ದೆ."

ಪಾಸಾದಳು. ಸೊಸೆ ಮೈಸೂರು ಪಾಕ್ ಹಿಡಿದು ಸ್ಕೂಲಿಗೆ ಹೊರಟಳು. ನಾನೂ ಹಿಂದೆ ಹೋದೆ.

"ಮಾರ್ಕ್ಸು ನೀವೇ ಹಾಕಿದ್ರಾ ಮಿಸ್?"

ಸೊಸೆ ನನ್ನ ಮೊಣಕೈ ಚಿವುಟಿದಳು. ಮಿಸ್ಸು ನಕ್ಕಳು. "ಇಲ್ಲಮ್ಮ, ಪೇಪರ್ ನೋಡಿದ್ದು ಬೇರೆ ಸ್ಕೂಲಿನೋರು. ಬೇಕಾದ್ರೆ ಅವರನ್ನೂ ಹೋಗಿ ಕೇಳಿ."

ಆರನೇ ಕ್ಲಾಸಿಗೆ ಸಮಾಜ ಯಾರು ಮಾಡುತ್ತಾರೆ ಎಂದೆ. ತಾನೇ ಎಂದಳು. ಸರಿ ಎಂದು ಬಂದೆ. ಅದಕ್ಕಿಂತ ಹೆಚ್ಚು ಹೇಳಲು ಮನಸ್ಸಾಗಲಿಲ್ಲ.