ಅಣಶಿ ಘಟ್ಟದ ಹಳೆಯ ಉತ್ತರ

ಮಳೆಗಾಲದಲ್ಲಿ ನಮ್ಮ ಕಡೆಯ ಯಾವ ರಸ್ತೆ ಚಾಲೂ ಇದೆ, ಯಾವುದು ಬಂದ್ ಎಂದು ತಿಳಿಸುವ ವೆಬ್‌ಸೈಟನ್ನು ನಾನೂ ಗೆಳತಿಯೊಬ್ಬಳೂ ಹಳಿಯಾಳದಿಂದ ನಡೆಸುತ್ತಿದ್ದೆವು. ಒಂದು ಮಧ್ಯಾಹ್ನ ಅಣಶಿ ಘಟ್ಟದ ಕೆಳಗೆ ಗುಡ್ಡ ಕುಸಿದ ಸುದ್ದಿ ಬಂತು. ಗೆಳತಿ ತಕ್ಷಣ ಸೈಟಿನ ಡೇಟಾಬೇಸಿನಲ್ಲಿ ‘ಬಂದ್’ ಎಂದು ದಾಖಲಿಸಿದಳು. ಸ್ವಲ್ಪ ಹೊತ್ತಿಗೆ ಜೋಯಿಡಾದಿಂದ ಅಕ್ಕನ ಫೋನು. ಭಾವನೊಂದಿಗೆ, ಕೂಸನ್ನೂ ಕರೆದುಕೊಂಡು ಕಾರವಾರಕ್ಕೆ ಹೊರಟಿದ್ದಳು.

“ನಿಮ್ಮ ಸೈಟ್ ನೋಡೇ ಹೊಂಟೇವಿ. ಘಟ್ಟ ಚಾಲೂ ಐತಿ ಅಂತ ತೋರಸ್ತೈತಿ.”

“ಅಕ್ಕಾ, ಹೋಗಬ್ಯಾಡ್ರಿ, ಅಲ್ಲೆ ಗುಡ್ಡ...”

ಫೋನ್ ಕಟ್ಟಾಯಿತು. ಮುಂದೆ ಬರೀ ಕಾಡು, ನೆಟ್‌ವರ್ಕ್ ಇಲ್ಲ.

ಪುಟ ತೆರೆದು ನೋಡಿದೆ. ‘ಚಾಲೂ’ ಎಂದೇ ಇತ್ತು.

“ಕ್ಯಾಶ್! ಹಳೇ ಉತ್ತರಾನ ಹಿಡಕೊಂಡೈತಿ,” ಎಂದಳು ಗೆಳತಿ. ಪುಟ ಬೇಗ ತೆರೆದುಕೊಳ್ಳಲಿ ಎಂದು, ರಸ್ತೆಯ ಸ್ಥಿತಿ ಹೇಳುವ ಫಂಕ್ಷನ್, ಅಂದರೆ ಪ್ರೋಗ್ರಾಮಿನ ತುಣುಕು, ಒಮ್ಮೆ ಕೊಟ್ಟ ಉತ್ತರವನ್ನು ನೆನಪಿಟ್ಟುಕೊಂಡು ಮುಂದಿನವರಿಗೂ ಅದನ್ನೇ ಕೊಡುವಂತೆ ಮಾಡಿದ್ದೆವು. ಎಲ್ಲಿಯವರೆಗೆ ನೆನಪಿಡಬೇಕು ಎಂದು ಹೇಳಿರಲಿಲ್ಲ. ಅವಳು ಆ ನೆನಪನ್ನು ಅಳಿಸಿದಳು. ಆದರೂ ನನ್ನ ಫೋನಿನಲ್ಲಿ ‘ಚಾಲೂ’! ಸೈಟು ಎರಡು ಸರ್ವರ್‌ಗಳ ಮೇಲೆ ಓಡುತ್ತಿತ್ತು, ಎರಡಕ್ಕೂ ಬೇರೆ ಬೇರೆ ನೆನಪು. ಅವಳು ಎರಡನೆಯದಕ್ಕೆ ಕೈ ಹಾಕಿದಳು. ನಾನು ಅಣಶಿಯ ಚಹಾದಂಗಡಿಗೆ ಫೋನ್ ಹಚ್ಚಿದೆ. ಮಳೆಯ ಸುದ್ದಿ ಕೇಳಲು ಅಲ್ಲಿಯ ನಂಬರ್ ಇಟ್ಟುಕೊಂಡಿದ್ದೆವು. ಲೈನ್ ಸತ್ತಿತ್ತು. ಮತ್ತೆ ಮತ್ತೆ ಒತ್ತಿದೆ. ಒಂದು ಗಂಟೆ ಕಳೆಯುತ್ತ ಬಂದಾಗ ಅಂಗಡಿಯ ಹೆಂಗಸು ಎತ್ತಿದಳು.

“ಅಕ್ಕಾರ, ಬಿಳಿ ಕಾರು, ಒಳಗ ಸಣ್ಣ ಕೂಸು. ಬಂದೈತೇನ್ರಿ?”

“ಚಾ ಕುಡದು ಈಗ ಎದ್ರು ನೋಡ್ರಿ.”

“ನಿಲ್ಲಸ್ರಿ! ಕೆಳಗ ಗುಡ್ಡ ಕುಸದೈತಿ!”

ರಿಸೀವರ್ ಮೇಜಿಗೆ ಬಡಿದ ಸದ್ದು. ಅವಳು ಕೊಂಕಣಿಯಲ್ಲಿ ಕೂಗುತ್ತ ಓಡಿದ್ದು ಕೇಳಿಸಿತು. ಆಮೇಲೆ ಮಳೆಯ ಸದ್ದು ಮಾತ್ರ. ಗೆಳತಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಕೊನೆಗೆ ಅಕ್ಕನ ದನಿ. “ಏನಾತ? ಯಾಕ ನಿಲ್ಲಿಸಿದಿ?”

ಗುಡ್ಡ ಕುಸಿದದ್ದನ್ನು ಹೇಳಿ, ತಿರುಗಿ ಹಳಿಯಾಳಕ್ಕೇ ಬರಲು ಹೇಳಿದೆ. ಸಂಜೆಗೆ ಮೂವರೂ ನಮ್ಮ ಮನೆಗೆ ಬಂದಿಳಿದರು.

ಮರುದಿನ, ನಮ್ಮ ನಂತರ ಈ ಕೆಲಸಕ್ಕೆ ಬರುವವರಿಗಾಗಿ ಇದನ್ನೆಲ್ಲ ಬರೆದಿಡಲು ಕೂತೆವು. ಬದಲಾಗುವ ಉತ್ತರಕ್ಕೆ ಅವಧಿ ಇರಬೇಕು. ಹೊಸ ಸುದ್ದಿ ಬಂದೊಡನೆ ಎಲ್ಲ ಸರ್ವರ್‌ಗಳಲ್ಲೂ ಹಳೆಯದನ್ನು ಅಳಿಸಬೇಕು. ಉದಾಹರಣೆಗೆಂದು ಫಂಕ್ಷನ್ನಿನ ಸಾಲುಗಳನ್ನು ಓದುತ್ತಿದ್ದ ಗೆಳತಿ ತಟ್ಟನೆ ನಿಂತಳು.

“ಇಲ್ಲಿ ನೋಡ. ಡೇಟಾಬೇಸ್ ಉತ್ತರಾನ ಕೊಡದಿದ್ರೂ ಇದು ‘ಚಾಲೂ’ ಅಂತೈತಿ. ಅದನ್ನೂ ನೆನಪಿಟ್ಕೋತೈತಿ.”

ಬರೆಯುವುದನ್ನು ಅಲ್ಲಿಗೇ ಬಿಟ್ಟು, ಮೊದಲು ಆ ಫಂಕ್ಷನ್ನನ್ನೇ ನಿಲ್ಲಿಸಿದೆವು. ಎಲ್ಲ ರಸ್ತೆಗಳ ಮುಂದೂ ‘ಗೊತ್ತಿಲ್ಲ, ವಿಚಾರಿಸಿ ಹೊರಡಿ’ ಎಂದು ಹಾಕಿದೆವು.